ಕಟ್ಟೆಯೊಳಗಿನ ಮೀನು

ಮುರಿಗೆಪ್ಪನೆಂಬ ಶಿಷ್ಯನು ಗುರುವನ್ನು ಕೇಳಿದನು: "ನನ್ನೊಡನೆ ಓದಿದ ಗುರುಬಂಧು ಎಷ್ಟೋ ವರ್ಷ ಪರದೇಶ ಸುತ್ತಿ ಮಠಕ್ಕೆ ಮರಳಿದ್ದಾನೆ. ಯಾರ ಅನ್ನ ಉಂಡನೋ, ಯಾರ ಮಾತು ಕಲಿತನೋ. ಅವನು ನಮ್ಮವನಾಗಿಯೇ ಉಳಿದಿದ್ದಾನೆಂದು ನಂಬುವುದು ಹೇಗೆ?"

ಗುರು ಈ ಕತೆ ಹೇಳಿದರು.

ಹೊಳೆಯೊಂದು ಕಡಲು ಸೇರುವ ಅಳಿವೆಯಿಂದ ತುಸು ಮೇಲೆ ಹಳೆಯದೊಂದು ಕಟ್ಟೆಯಿತ್ತು. ಅದರ ಹಿಂದೆ ನಿಂತ ನೀರೇ ಕೆರೆ. ಆ ಕೆರೆಯಲ್ಲಿ ಒಬ್ಬ ಮೀನುಗಾರ ಬಲೆ ಬೀಸಿ ಬದುಕುತ್ತಿದ್ದನು. ಕೆರೆಯ ಮೀನು ಗೇಣುದ್ದಕ್ಕಿಂತ ಹೆಚ್ಚು ಬೆಳೆಯುತ್ತಿರಲಿಲ್ಲ. ಮೈ ಮಣ್ಣಿನ ಬಣ್ಣ, ಬಾಯಿ ಕಿರಿದು. ಈ ಹೊಳೆಯ ಮೀನೆಂದರೆ ಇದೇ ಎಂದು ಅವನ ತಂದೆ ಹೇಳಿದ್ದನು. ಅವನೂ ಹಾಗೆಯೇ ತಿಳಿದಿದ್ದನು.

ಒಂದು ಮಳೆಗಾಲ ಕಟ್ಟೆ ಒಡೆಯಿತು. ನೆರೆ ಇಳಿಯುತ್ತಿದ್ದಂತೆ ಕಡಲ ಕಡೆಯಿಂದ ಮೀನಿನ ಹಿಂಡೊಂದು ಏರಿ ಬಂದಿತು. ಮೊಳದುದ್ದದ ಮೀನು, ಬೆಳ್ಳಗೆ ಹೊಳೆಯುವ ಮೈ, ಅಗಲ ಬಾಯಿ. ಅವು ಎಲ್ಲಿಯೂ ತಡವರಿಸದೆ, ಮೊಟ್ಟೆಯಿಡಲು ಹೊಳೆಯ ಮೇಲ್ಭಾಗದ ಮರಳಿನತ್ತ ಹೊರಟವು.

ಮೀನುಗಾರನಿಗೆ ಸಂಶಯ ಬಂತು. ಹೊಸಬರಿಗೆ ದಾರಿ ಹೇಗೆ ಗೊತ್ತು? ತನ್ನ ಕೆರೆಯನ್ನು ಹಾಳು ಮಾಡಲು ಅಳಿವೆಯ ಊರಿನವರೇ ಇವನ್ನು ಬಿಟ್ಟಿರಬೇಕೆಂದುಕೊಂಡನು. ಒಡೆದ ಜಾಗಕ್ಕೆ ಅಡ್ಡಲಾಗಿ ಬಿದಿರಿನ ತಡಿಕೆ ಹೂಡಿ ಕಾವಲು ಕೂತನು. ಮೊಟ್ಟೆ ತುಂಬಿದ ಮೀನುಗಳು ತಡಿಕೆಗೆ ಬಡಿದು ಬಡಿದು ಸತ್ತವು. ಹೆಂಡತಿ ಬಂದು, ಅವನ್ನು ಬಿಟ್ಟುಬಿಡು ಎಂದಳು. ಅವಳ ತವರು ಅಳಿವೆಯ ಊರು. ಅಂದಿನಿಂದ ಅವನು ಅವಳನ್ನೂ ನಂಬದಾದನು. ಅವಳು ಬಡಿಸಿದ್ದನ್ನು ಮೂಸಿ ನೋಡಿ ಉಣ್ಣುತ್ತಿದ್ದನು.

ಕೊನೆಗೆ ಅವಳು ಅಟ್ಟ ಹತ್ತಿ, ಹೊಗೆ ಹಿಡಿದ ಬಲೆಯೊಂದನ್ನು ತಂದು ಅವನ ಮುಂದೆ ಹಾಕಿದಳು. "ಇದು ನಿನ್ನ ಮುತ್ತಜ್ಜನದು. ಕಟ್ಟೆ ಕಟ್ಟುವುದಕ್ಕಿಂತ ಮೊದಲಿನದು. ಇದರಲ್ಲಿ ನಿನ್ನ ಮೀನು ಹಿಡಿ, ನೋಡೋಣ."

ಅವನು ಬಲೆ ಬಿಡಿಸಿದನು. ಕೆರೆಯ ಮೀನು ಅದರ ಕಣ್ಣಿನಲ್ಲಿ ನುಸುಳಿ ಕೆಳಗೆ ಬಿತ್ತು. ತಡಿಕೆಯ ಬಳಿ ಸತ್ತಿದ್ದ ಮೀನನ್ನು ತಂದು ಹಿಡಿದನು. ಅದು ಕಿವಿರಿನವರೆಗೆ ಹೊಕ್ಕು ಸಿಕ್ಕಿಕೊಂಡಿತು.

"ಹಾಗಾದರೆ ನನ್ನ ಕೆರೆಯಲ್ಲಿರುವುದು ಯಾವುದು?"

"ಅದೂ ಇದೇ. ತವರಿನಲ್ಲಿ ನಾವೆಲ್ಲ ಕಂಡದ್ದೇ, ಇವು ವರ್ಷ ವರ್ಷ ಬಂದು, ಕಟ್ಟೆಗೆ ಮೂಗು ತಾಗಿಸಿ, ಕೆಳಗಿನ ಹಳ್ಳದಲ್ಲಿ ಮೊಟ್ಟೆಯಿಟ್ಟು ತಿರುಗಿ ಹೋಗುತ್ತಿದ್ದವು. ಒಳಗೆ ಸಿಕ್ಕಿಬಿದ್ದವು ನಿನ್ನವು."

ಒಳಗೆ ಉಳಿದ ಮರಿಗಳಿಗೆ ಕಡಲು ತಪ್ಪಿತ್ತು. ಕೆರೆಯಲ್ಲಿ ಸಿಗುತ್ತಿದ್ದುದು ಸಣ್ಣ ಹುಳು ಮಾತ್ರ. ಅಗಲ ಬಾಯಿಯವು ಹಸಿದು ಅಳಿದವು. ಕಿರಿದಾದ ಬಾಯಿಯವು ಬದುಕಿ ಮರಿ ಮಾಡಿದವು, ಆ ಮರಿಗಳಲ್ಲಿಯೂ ಇನ್ನೂ ಕಿರಿದಾದವೇ ಉಳಿದವು. ಹೀಗೆ ತಲೆಮಾರುಗಳು ಸಂದವು.

ಮೀನುಗಾರ ಹೋಗಿ ತಡಿಕೆ ಕಿತ್ತನು. ಕಡಲ ಮೀನುಗಳು ಮರಳು ಸೇರಿ ಮೊಟ್ಟೆಯಿಟ್ಟವು. ಕೆರೆಯ ಮೀನುಗಳು ಅತ್ತ ಸುಳಿಯಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಒಬ್ಬರನ್ನೊಬ್ಬರು ಗುರುತಿಸಲಿಲ್ಲ. ಅವನು ದಡದಲ್ಲಿ ಕೂತು ಅದನ್ನು ನೋಡಿದನು.

ಗುರು ಕತೆ ನಿಲ್ಲಿಸಿದರು. ಮುರಿಗೆಪ್ಪ ಕೇಳಿದನು: "ಹಾಗಾದರೆ ತಿರುಗಿ ಬಂದವನನ್ನು ನಂಬಬಹುದೆಂದು ತಾವು ಹೇಳುತ್ತೀರಾ?"

"ನಾನು ಅವನ ವಿಷಯ ಹೇಳಲಿಲ್ಲ, ಮುರಿಗೆಪ್ಪ, ಇಷ್ಟು ವರ್ಷ ಮಠದಿಂದ ಕದಲದ ನಿನ್ನ ವಿಷಯ ಹೇಳಿದೆ."