ಉಪ್ಪಿನಾಗರದ ಕಂಬ

“ಗುರುಗಳೇ, ಸಮುದ್ರ ಏರುತ್ತಿದೆ ಎಂದು ಬಲ್ಲವರು ಅಳೆದು ಹೇಳಿದ್ದಾರೆ. ಅದನ್ನು ದಡದ ಜನರಿಗೆ ಮುಟ್ಟಿಸುವುದು ನನ್ನ ಕೆಲಸ. ಅವರು ನನ್ನನ್ನೇ ಸಂಶಯದಿಂದ ನೋಡುತ್ತಾರೆ. ಆ ಸಂಶಯವನ್ನು ಕಳೆಯುವುದು ಹೇಗೆ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಒಂದು ಉಪ್ಪಿನಾಗರವಿತ್ತು. ಅದಕ್ಕೂ ಸಮುದ್ರಕ್ಕೂ ನಡುವೆ ಮಣ್ಣಿನ ಒಡ್ಡು. ಒಡ್ಡು ಎಷ್ಟು ಎತ್ತರವಿರಬೇಕೆಂದು ಊರ ಹಿರಿಯನ ಅಜ್ಜ ತೂಬಿನ ಕಲ್ಲಿನ ಮೇಲೆ ಗೆರೆ ಕೊರೆದಿದ್ದ. ಪ್ರತಿವರ್ಷ ಜನ ಆ ಗೆರೆಯವರೆಗೆ ಮಣ್ಣು ಹಾಕಿ ಮನೆಗೆ ಹೋಗುತ್ತಿದ್ದರು.

ಸಮುದ್ರವನ್ನು ಅಳೆಯುವ ಒಬ್ಬ ವಿದ್ವಾಂಸ, ಇನ್ನು ಐವತ್ತು ವರ್ಷಕ್ಕೆ ಈ ಒಡ್ಡು ಸಾಲದು ಎಂದು ಬರೆದು ಕಳಿಸಿದ. ಆಗರದ ಮೇಲೆ ಯಾರೋ ಕಣ್ಣು ಹಾಕಿದ್ದಾರೆ ಎಂದುಕೊಂಡರು ಜನ.

ಆಮೇಲೆ ಅವನು ಒಬ್ಬ ಹೆಂಗಸನ್ನು ಕಳಿಸಿದ. ಒಡ್ಡಿನ ಎತ್ತರವನ್ನು ಯಾರು ತೀರ್ಮಾನಿಸುತ್ತಾರೆ, ಯಾವ ತಿಂಗಳಲ್ಲಿ ಎಂದು ಅವಳು ಕೇಳಿದಳು. ಇವಳಿಗೆ ತಿಂಗಳು ಏಕೆ ಬೇಕು ಎಂದು ಸಂಶಯ ಇನ್ನೂ ಹೆಚ್ಚಿತು. ಅವಳು ಬಂದು ಕೂತಲ್ಲಿಂದ ಜನ ಎದ್ದು ಹೋಗುತ್ತಿದ್ದರು. ಅವಳು ಹಿಂದಿರುಗಿ ವಿದ್ವಾಂಸನಿಗೆ, ಐವತ್ತು ವರ್ಷದ ಲೆಕ್ಕ ಬೇಡ, ಈ ವರ್ಷ ಎಷ್ಟು ಬೆರಳು ಏರಿಸಬೇಕು ಹೇಳಿ ಎಂದಳು. ನೀನು ಅವರ ಕಡೆ ಸೇರಿದೆಯಾ ಎಂದು ಅವನೂ ಸಂಶಯಪಟ್ಟ. ಕೊನೆಗೆ, ಗೆರೆಯಿಂದ ಮೇಲೆ ನಾಲ್ಕು ಬೆರಳು ಎಂದ.

ಅವಳು ಊರಿಗೆ ಬಂದು ಅದನ್ನು ತಿಳಿಸಿದಾಗ ಹಿರಿಯ ಹೇಳಿದ: “ನಾಲ್ಕು ಬೆರಳೆಂದರೆ ಊರೆಲ್ಲ ಹದಿನೈದು ದಿನ ಮಣ್ಣು ಹೊರಬೇಕು, ತಂಗಿ. ಅಷ್ಟು ದಿನ ಆಗರದ ಉಪ್ಪನ್ನು ನಿಮ್ಮ ವಿದ್ವಾಂಸರು ಬಂದು ಎಳೆದು ಗುಡ್ಡೆ ಹಾಕುತ್ತಾರೋ? ನಿನ್ನ ಮಾತು ಸುಳ್ಳಾದರೆ ನಿನಗೇನು ಹೋಗುತ್ತದೆ?”

“ನನಗೇನೂ ಹೋಗುವುದಿಲ್ಲ. ಅದಕ್ಕೇ ನನ್ನನ್ನು ನಂಬಬೇಡಿ, ಅಣ್ಣ. ತೂಬಿನ ಹೊರಗೆ ನೀವೇ ಒಂದು ಕಂಬ ನೆಡಿ. ಉಬ್ಬರ ಎಲ್ಲಿಯವರೆಗೆ ಬಂತೆಂದು ನೀವೇ ಗುರುತು ಹಾಕಿ.”

ಕಂಬ ನೆಟ್ಟರು. ಅವಳು ಕದ್ದು ಬಂದು ಗುರುತು ಬದಲಿಸಿಯಾಳೆಂದು ಪ್ರತಿ ಉಬ್ಬರಕ್ಕೂ ಇಬ್ಬರು ಕಾವಲು ಕೂತರು. ಒಡ್ಡಿನ ಮೇಲೆ ಕಾಲಿಡಬೇಡ ಎಂದು ಅವಳಿಗೆ ಹೇಳಿದರು. ಅವಳು ಇಡಲಿಲ್ಲ.

ಮೂರನೆಯ ಹುಣ್ಣಿಮೆಯಂದು, ಗಾಳಿಯೇ ಇಲ್ಲದ ದಿನ, ಕಂಬದ ಮೇಲೆ ನೀರು ಅಜ್ಜನ ಗೆರೆಯ ಮಟ್ಟವನ್ನು ಮುಟ್ಟಿತು. ಹಿರಿಯ ತಾನೇ ಇಳಿದು ನೋಡಿದ. ಮರುದಿನ ಮಣ್ಣು ಹೊರಿಸಿದ. ಎಷ್ಟು ಎತ್ತರಕ್ಕೆ ಎಂದು ಜನ ಕೇಳಿದರು. ಗೆರೆಯ ಮೇಲೆ ನಾಲ್ಕು ಬೆರಳು ಇಟ್ಟ. ಅವಳ ಲೆಕ್ಕದಲ್ಲೂ ಏನೋ ತಪ್ಪಿರಬಹುದೆಂದು ಹೆಬ್ಬೆರಳನ್ನೂ ಸೇರಿಸಿದ.

ಆ ಮಳೆಗಾಲದ ದೊಡ್ಡ ಉಬ್ಬರದಲ್ಲಿ ನಾಲ್ಕು ಬೆರಳಿನ ಮಣ್ಣು ಮುಳುಗಿತು. ಐದನೆಯದು ಒಣಗಿಯೇ ಇತ್ತು. ಆಗರ ಉಳಿಯಿತು.

ಶಿಷ್ಯೆಯ ಮುಖ ಅರಳಿತು. “ಅಂತೂ ಕೊನೆಗೆ ಅವಳನ್ನು ನಂಬಿದರು,” ಎಂದಳು.

ಗುರುಗಳು ಹೇಳಿದರು: “ನಂಬಿದ್ದರೆ ಅವರು ನೀರನ್ನು ನೋಡುತ್ತಲೇ ಇರಲಿಲ್ಲ.”