ಎಂಬತ್ತೆರಡು ಡಿಗ್ರಿ

“ಗುರುಗಳೇ, ಆಕಾಶ ಅಗಲವಾಗಿ ಕಾಣಬೇಕಾದರೆ ಯಾವ ಐಪೀಸ್ ಕೊಳ್ಳಬೇಕು?” ಎಂದು ನಿಜಗುಣ ಕೇಳಿದ.

ಗುರುಗಳು ಊರ ಹೊರಗೆ ಒಂದು ಚಿಕ್ಕ ಮನೆಯಲ್ಲಿದ್ದರು. ದೂರದರ್ಶಕದ ಕನ್ನಡಿಯನ್ನು ಕೈಯಿಂದ ಉಜ್ಜಿ ಮಾಡುವುದನ್ನೂ, ಅದರಿಂದ ಆಕಾಶ ನೋಡುವುದನ್ನೂ ಬಂದವರಿಗೆ ಹೇಳಿಕೊಡುತ್ತಿದ್ದರು. ನಿಜಗುಣ ಅವರ ಬಳಿ ಎರಡು ವರ್ಷ ಕಲಿತು ತನ್ನದೇ ದೂರದರ್ಶಕ ಮಾಡಿಕೊಂಡಿದ್ದ. ಉಳಿದದ್ದು ಐಪೀಸ್, ಅಂದರೆ ಕಣ್ಣಿಡುವ ಕಡೆ ಕೂರುವ ಮಸೂರ. ಅವನ ಕೈಯಲ್ಲಿ ಒಂದು ಹಾಳೆಯಿತ್ತು. ಅದರಲ್ಲಿ ಐದು ಐಪೀಸ್‌ಗಳ ಹೆಸರಿದ್ದವು. ಒಂದನ್ನು ಹೊಡೆದುಹಾಕುವುದು, ಮರುದಿನ ಅದನ್ನೇ ಮತ್ತೆ ಬರೆಯುವುದು ಮೂರು ತಿಂಗಳಿಂದ ನಡೆದಿತ್ತು.

ಗುರುಗಳು ಹಾಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಕುಳಿತುಕೋ,” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಕ್ಷೆಗಾರನಿದ್ದ. ಪುರಸಭೆಯ ಕಚೇರಿಯಲ್ಲಿ ರಸ್ತೆ, ಚರಂಡಿ, ನಿವೇಶನಗಳ ನಕ್ಷೆ ಬರೆಯುವುದು ಅವನ ಕೆಲಸ. ಗೆರೆ ಕೂದಲೆಳೆಯಷ್ಟು ಆಚೆ ಹೋದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಮನೆಯಲ್ಲಿ ಅವನೂ ಅವನ ಅಕ್ಕನೂ ಇಬ್ಬರೇ. ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ಅವನಿಗೆ ಐದು ವರ್ಷ. ಅಂದಿನಿಂದ ಉಣಿಸಿದವಳು, ಓದಿಸಿದವಳು ಅಕ್ಕ. ಕುಬಸ ಹೊಲಿದು ಮನೆ ನಡೆಸಿದಳು. ಮದುವೆಯ ಮಾತು ಬಂದಾಗಲೆಲ್ಲ ತಮ್ಮ ದೊಡ್ಡವನಾಗಲಿ ಎಂದಳು. ತಮ್ಮ ದೊಡ್ಡವನಾದ. ಆ ಹೊತ್ತಿಗೆ ಮದುವೆಯ ಮಾತು ಎತ್ತುವವರು ಯಾರೂ ಉಳಿದಿರಲಿಲ್ಲ.

ನಕ್ಷೆಗಾರನಿಗೆ ನಕ್ಷತ್ರಗಳ ಹುಚ್ಚು ಹಿಡಿದದ್ದು ನಡುವಯಸ್ಸಿನಲ್ಲಿ. ಒಂದೂವರೆ ವರ್ಷ ಕನ್ನಡಿ ಉಜ್ಜಿ ಎಂಟು ಇಂಚಿನ ದೂರದರ್ಶಕ ಮಾಡಿದ. ಅದಕ್ಕೆ ಒಂದು ಸಾಧಾರಣ ಐಪೀಸ್ ಇತ್ತು. ಅದರಲ್ಲಿ ಚಂದ್ರ ಕಂಡ, ಶನಿಯ ಬಳೆ ಕಂಡಿತು. ಅಕ್ಕನೂ ನೋಡಿ ಸಂತೋಷಪಟ್ಟಳು. ಆದರೆ ನಕ್ಷೆಗಾರನಿಗೆ ಬೇಕಾದದ್ದು ಬೇರೆ. ನೀಹಾರಿಕೆಗಳು, ನಕ್ಷತ್ರಗಳ ಗುಂಪುಗಳು, ದೇವಯಾನಿ ಗೆಲಾಕ್ಸಿಯ ಮಸುಕು ಬೆಳಕು. ಅವು ಅಗಲಕ್ಕೆ ಹರಡಿಕೊಂಡಿರುತ್ತವೆ. ಸಾಧಾರಣ ಐಪೀಸಿನಲ್ಲಿ ನೋಡಿದರೆ ಕೊಳವೆಯಲ್ಲಿ ಇಣುಕಿದಂತೆ. ಒಂದು ತುಂಡು ಸಿಗುತ್ತದೆ, ಉಳಿದದ್ದು ಹೊರಗೇ ನಿಲ್ಲುತ್ತದೆ.

ಅಕ್ಕನಿಗೆ ಇದೆಲ್ಲ ತಿಳಿಯದು. ಅವಳಿಗೆ ಗೊತ್ತಿದ್ದ ಗುಂಪು ಒಂದೇ, ಕೃತ್ತಿಕೆ. ಬರಿಗಣ್ಣಿಗೇ ಆರು ಚುಕ್ಕಿ ಕಾಣುವ ಗುಂಪು ಅದು. ಕಾರ್ತಿಕ ಮಾಸದಲ್ಲಿ ದೀಪ ಹಚ್ಚಿ ಅಂಗಳಕ್ಕೆ ಬಂದರೆ ಮೂಡಣದಲ್ಲಿ ಅದನ್ನು ಹುಡುಕುತ್ತಿದ್ದಳು.

“ಕೃತ್ತಿಕಾ ತೋರಸೋ ತಮ್ಮಾ,” ಎಂದು ಒಂದು ಸಂಜೆ ಕೇಳಿದಳು.

“ಈಗ ಬ್ಯಾಡಕ್ಕಾ. ಇದರಾಗ ಅರ್ಧಾನ ಕಾಣತಾವು. ಅಗಲ ಕಾಣೂದು ಒಂದು ತರಸ್ತೀನಿ. ಅದರಾಗ ನೋಡುವಂತಿ.”

ಅಕ್ಕ ಆಗಲಿ ಎಂದಳು. ಕಾಯುವುದು ಅವಳಿಗೆ ಹೊಸದಲ್ಲ.

ನಕ್ಷೆಗಾರ ಆಯ್ಕೆಗೆ ತೊಡಗಿದ. ಒಂದು ಪುಸ್ತಕ ಮಾಡಿಕೊಂಡು ಅಡ್ಡಗೆರೆ ಉದ್ದಗೆರೆ ಎಳೆದ. ಯಾವ ಐಪೀಸ್ ಎಷ್ಟು ಡಿಗ್ರಿ ಅಗಲ ತೋರಿಸುತ್ತದೆ ಎಂದು ಬರೆದ. ಐವತ್ತೆರಡು ಡಿಗ್ರಿಯದು ಇಕ್ಕಟ್ಟು. ಅರವತ್ತೆಂಟರದು ಪರವಾಗಿಲ್ಲ, ಆದರೆ ಅಂಚಿನ ನಕ್ಷತ್ರಗಳಿಗೆ ಬಾಲ ಬರುತ್ತದೆ. ನೂರರದು ಕಲ್ಲಿನಷ್ಟು ಭಾರ. ದೂರದರ್ಶಕದ ಮೂತಿ ನೆಲಕ್ಕೆ ಬಾಗುತ್ತದೆ. ಒಂದರಲ್ಲಿ ಕನ್ನಡಕ ಹಾಕಿಕೊಂಡು ನೋಡಲಾಗದು. ಇನ್ನೊಂದರಲ್ಲಿ ಕಣ್ಣು ಸ್ವಲ್ಪ ಸರಿದರೂ ಎಲ್ಲ ಕಪ್ಪಾಗುತ್ತದೆ. ಪರವೂರಿನ ವೀಕ್ಷಕರಿಗೆ ಪತ್ರ ಬರೆದ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳಿದ. ಇದೇ ಸರಿ ಎಂದು ನಿರ್ಧರಿಸಿದ ಮರುದಿನವೇ ಅದಕ್ಕಿಂತ ಒಳ್ಳೆಯದು ಬಂದಿದೆ ಎಂಬ ಸುದ್ದಿ ಬರುತ್ತಿತ್ತು. ಒಂದು ಕಾರ್ತಿಕ ಹೋಯಿತು. ಎರಡನೆಯದೂ ಹೋಯಿತು.

ಅದೇ ಕಾಲದಲ್ಲಿ ಅಕ್ಕ ಮನೆಯಲ್ಲಿ ಎಡವತೊಡಗಿದಳು. ಬಾಗಿಲ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ಮುಂದಿಟ್ಟ ತಟ್ಟೆ ಕಾಣುತ್ತಿತ್ತು, ಪಕ್ಕದಲ್ಲಿಟ್ಟ ತಂಬಿಗೆ ಕಾಣುತ್ತಿರಲಿಲ್ಲ. ಸಂತೆಗೆ ಹೋಗುವುದನ್ನು ಬಿಟ್ಟಳು. ಗಾಡಿಗಳು ಎಲ್ಲಿಂದಲೋ ಒಮ್ಮೆಲೇ ಮೈಮೇಲೆ ಬರುತ್ತವೆ ಎಂದಳು. ನೋಡಿ ದಾಟಬೇಕು ಎಂದು ತಮ್ಮ ಹೇಳಿದ.

ಹಾಗೆಂದು ಅವಳ ಕಣ್ಣು ಮಂಜಾಗಿರಲಿಲ್ಲ. ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಆದ್ದರಿಂದ ಅವಳಿಗೂ ಸಂಶಯ ಬರಲಿಲ್ಲ, ಅವನಿಗೂ ಬರಲಿಲ್ಲ.

ಒಂದು ಮಧ್ಯಾಹ್ನ ಬಡಿಸುವಾಗ ಅವಳ ಮೊಣಕೈ ತಾಗಿ ತಂಬಿಗೆ ಉರುಳಿತು. ನೀರು ಅವನ ಪುಸ್ತಕದ ಮೇಲೆ ಹರಿಯಿತು. ಆರು ತಿಂಗಳ ಬರಹ ಕದಡಿಹೋಯಿತು.

“ಕಣ್ಣ ಎಲ್ಲಿಟ್ಟಕೊಂಡು ಅಡ್ಡಾಡ್ತಿ ನೀನು?” ಎಂದು ಕೂಗಿದ. ಜೀವನದಲ್ಲಿ ಅವನು ಅಕ್ಕನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

“ವಯಸ್ಸಾತಲ್ಲೋ,” ಎಂದು ಅವಳು ನಕ್ಕಳು. ಅವನು ಊಟ ಬಿಟ್ಟು ಎದ್ದುಹೋದ. ಅವಳು ಒಲೆಯ ಬಳಿ ಕುಳಿತು ಆ ಹಾಳೆಗಳನ್ನು ಒಂದೊಂದಾಗಿ ಒಣಗಿಸಿದಳು.

ಮೂರನೆಯ ವರ್ಷ ನಕ್ಷೆಗಾರ ಎಂಬತ್ತೆರಡು ಡಿಗ್ರಿಯ ಒಂದನ್ನು ಆರಿಸಿ ತರಿಸಿದ. ಕಾರ್ತಿಕ ಮಾಸ. ಕತ್ತಲಾಗಿ ಒಂದು ಗಳಿಗೆಯಾಗಿತ್ತು. ಐಪೀಸನ್ನು ಎದೆಗೆ ಒತ್ತಿಕೊಂಡು ಅವನು ಮಾಳಿಗೆ ಹತ್ತಿದ. ಅಕ್ಕ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ತಡವುತ್ತ ಹಿಂದೆ ಬಂದಳು. ಅವನು ತಿರುಗಿ ನೋಡಲಿಲ್ಲ.

ಮೂಡಣಕ್ಕೆ ದೂರದರ್ಶಕ ತಿರುಗಿಸಿ ಕಣ್ಣಿಟ್ಟ. ಕೃತ್ತಿಕೆಯ ಆರೂ ನಕ್ಷತ್ರಗಳು ನೀಲಿ ಬೆಂಕಿಯ ಹಾಗೆ ನಿಂತಿದ್ದವು. ಅವುಗಳ ಹಿಂದೆ ಹತ್ತಾರು ಸಣ್ಣವು. ಸುತ್ತಲೂ ಕಪ್ಪು ಆಕಾಶ ಇನ್ನೂ ಉಳಿದಿತ್ತು. ಚೌಕಟ್ಟು ಇದೆ ಎಂದೇ ಅನಿಸಲಿಲ್ಲ. ಬಿದ್ದುಬಿಡುತ್ತೇನೇನೋ ಎಂದು ಅವನು ಪೀಠವನ್ನು ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂತು. ಸರಿದು ನಿಂತು ಅಕ್ಕನಿಗೆ ಜಾಗ ಕೊಟ್ಟ.

ಅಕ್ಕ ಬಗ್ಗಿ ನೋಡಿದಳು.

“ಏನ ಕಾಣತೈತಿ ಅಕ್ಕಾ?”

“ಒಂದು ಚುಕ್ಕಿ.”

“ಒಂದ? ಸರಿಯಾಗಿ ನೋಡು. ಆರು ಅದಾವು.”

ಅಕ್ಕ ತಲೆಯನ್ನು ಅತ್ತಿತ್ತ ಸರಿಸಿದಳು. “ಇನ್ನೊಂದು ಸಿಕ್ತು. ಮೊದಲಿಂದು ಹೋತು.”

ಅವನಿಗೆ ಬೇಸರವಾಯಿತು. ಮೂರು ವರ್ಷ ಕಾದು ತಂದದ್ದರಲ್ಲಿ ಇವಳಿಗೆ ಕಣ್ಣಿಡಲೂ ಬಾರದಲ್ಲ ಎಂದುಕೊಂಡ. ಅವಳ ಗದ್ದ ಹಿಡಿದು ಸರಿಯಾಗಿ ನಿಲ್ಲಿಸಿದ. ಮಸೂರ ಒರೆಸಿದ. ಮತ್ತೆ ನೋಡು ಎಂದ.

ಅಕ್ಕ ನೋಡಿದಳು. ಮತ್ತೆ ನೆಟ್ಟಗಾಗಿ ಬರಿಗಣ್ಣಿನಿಂದ ಆಕಾಶ ನೋಡಿದಳು. ತಾನೇ ಏನೋ ತಪ್ಪು ಮಾಡಿದವಳಂತೆ ಮೆಲ್ಲಗೆ ಕೇಳಿದಳು: “ಬರಿಗಣ್ಣಿಗೆ ಆರೂ ಕೂಡೇ ಕಾಣತಾವು. ಇದರಾಗ ಯಾಕೋ ತಮ್ಮಾ ಒಂದೊಂದ ಬರತಾವು?”

ನಕ್ಷೆಗಾರ ಅಳತೆ ಬಲ್ಲವನು. ಆ ಮಾತಿನ ಅರ್ಥ ಅವನಿಗೆ ನಿಂತಲ್ಲೇ ಹೊಳೆಯಿತು. ಬರಿಗಣ್ಣಿಗೆ ಕೃತ್ತಿಕೆ ಹೆಬ್ಬೆರಳಿನ ಉಗುರಿನಷ್ಟು. ಐಪೀಸ್ ಅದನ್ನು ಮುಖದ ಮುಂದೆ ಹಿಡಿದ ಊಟದ ತಟ್ಟೆಯಷ್ಟು ಹಿಗ್ಗಿಸುತ್ತದೆ. ಉಗುರು ಪೂರ್ತಿ ಕಂಡು ತಟ್ಟೆ ಕಾಣದಿದ್ದರೆ ಕೊರತೆ ಐಪೀಸಿನದಲ್ಲ.

ಅವನು ಅವಳ ಪಕ್ಕಕ್ಕೆ ಬಂದ. ಎದುರು ಮನೆಯ ದೀಪವನ್ನೇ ನೋಡುತ್ತಿರು ಎಂದು ಹೇಳಿ, ತನ್ನ ಕೈಯನ್ನು ಅವಳ ಕೆನ್ನೆಯ ಬಳಿ ಎತ್ತಿ ಬೆರಳು ಆಡಿಸಿದ.

“ನನ್ನ ಕೈ ಕಾಣತೈತೇನಕ್ಕಾ?”

“ಯಾವ ಕೈ?” ಎಂದಳು ಅಕ್ಕ.

ಮರುದಿನ ಜಿಲ್ಲಾ ಕೇಂದ್ರಕ್ಕೆ ಹೋಗಿ ಕಣ್ಣಿನ ವೈದ್ಯರಿಗೆ ತೋರಿಸಿದ. ವೈದ್ಯರು ಕಣ್ಣಿನ ಒತ್ತಡ ನೋಡಿದರು. ಒಂದು ಯಂತ್ರದ ಮುಂದೆ ಅವಳನ್ನು ಕೂರಿಸಿ ದೃಷ್ಟಿಯ ಅಗಲ ಅಳೆದರು. ಆಮೇಲೆ ಅವನನ್ನು ಒಳಗೆ ಕರೆದು ಹೇಳಿದರು. ಇದು ಗ್ಲಾಕೋಮಾ. ನೋವಿಲ್ಲದೆ ಬರುತ್ತದೆ. ಅಂಚಿನಿಂದ ಒಳಕ್ಕೆ ಕಣ್ಣನ್ನು ನಂದಿಸುತ್ತ ಹೋಗುತ್ತದೆ. ನಡುವಿನದು ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ರೋಗಿಗೆ ತಿಳಿಯುವುದಿಲ್ಲ. ಎರಡು ಮೂರು ವರ್ಷ ಮೊದಲು ಬಂದಿದ್ದರೆ ದಿನಕ್ಕೊಂದು ಹನಿ ಔಷಧಿಯಿಂದ ಅಲ್ಲಿಗೇ ತಡೆಯಬಹುದಿತ್ತು. ಹೋದದ್ದು ಹೋಯಿತು, ಅದು ಮರಳುವುದಿಲ್ಲ.

“ಎಡವುತ್ತಿರಲಿಲ್ಲವೇ? ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ?” ಎಂದು ವೈದ್ಯರು ಕೇಳಿದರು.

ನಕ್ಷೆಗಾರ ವೈದ್ಯರು ಕೊಟ್ಟ ಹಾಳೆಯನ್ನು ನೋಡಿದ. ಅದರಲ್ಲಿ ಅಕ್ಕನ ದೃಷ್ಟಿಯ ನಕ್ಷೆಯಿತ್ತು. ಅಂಥ ಅಚ್ಚುಕಟ್ಟಾದ ನಕ್ಷೆಯನ್ನು ಅವನು ಕಚೇರಿಯಲ್ಲೂ ಕಂಡಿರಲಿಲ್ಲ. ಸುತ್ತಲೂ ಕಪ್ಪು. ನಡುವೆ ಬಿಳಿಯ ಒಂದು ಚಿಕ್ಕ ಬಟ್ಟು. ಅಡಿಯಲ್ಲಿ ಅಳತೆ ಬರೆದಿತ್ತು. ಹತ್ತು ಡಿಗ್ರಿ.

ಹೊರಗೆ ಬೆಂಚಿನ ಮೇಲೆ ಅಕ್ಕ ಕುಳಿತಿದ್ದಳು. ಅವನು ಎದುರಿಗೆ ಬಂದು ನಿಲ್ಲುವವರೆಗೂ ಅವಳಿಗೆ ಕಾಣಲಿಲ್ಲ.

ಆ ರಾತ್ರಿ ನಕ್ಷೆಗಾರ ಪುಸ್ತಕ ತೆಗೆದು ಕುಳಿತ. ಮೂರು ವರ್ಷದ ಬರಹ. ಯಾವ ತಿಂಗಳು ಯಾವುದನ್ನು ತೂಗಿ ನೋಡಿದೆ ಎಂದು ಅದರಲ್ಲಿ ತಾರೀಖು ಸಮೇತ ಇತ್ತು. ಅಕ್ಕ ಎಂದು ಮೊದಲು ಎಡವಿದಳು ಎಂದು ನೆನೆಯಲು ನೋಡಿದ. ಹೊಸ್ತಿಲಲ್ಲಿ ಬಿದ್ದದ್ದು ಯಾವ ಮಳೆಗಾಲ? ಸಂತೆ ಬಿಟ್ಟದ್ದು ಯಾವಾಗ? ಅವನಿಗೆ ಒಂದೂ ನೆನಪಾಗಲಿಲ್ಲ. ನೆನಪಿದ್ದದ್ದು ನೀರು ಚೆಲ್ಲಿದ ದಿನ ಒಂದೇ.

ಹನಿ ಔಷಧಿ ಶುರುವಾಯಿತು. ದಿನಕ್ಕೆ ಎರಡು ಸಲ ಅವನೇ ಹಾಕುತ್ತಿದ್ದ, ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೂ ಆ ಬಿಳಿಯ ಬಟ್ಟು ಮೆಲ್ಲಮೆಲ್ಲನೆ ಕಿರಿದಾಗುತ್ತ ಹೋಯಿತು.

ಒಂದು ದಿನ ಅವನಿಗೊಂದು ಯೋಚನೆ ಬಂತು. ಮನೆಯಲ್ಲಿ ಒಂದು ಹಳೆಯ ದುರ್ಬೀನು ಇತ್ತು. ಅದನ್ನು ಹಿಂದುಮುಂದಾಗಿ ಹಿಡಿದರೆ ದೊಡ್ಡದು ಚಿಕ್ಕದಾಗುತ್ತದೆ. ಚಿಕ್ಕದಾದರೆ ಅಕ್ಕನ ಕಣ್ಣಿನಲ್ಲಿ ಹಿಡಿಸುತ್ತದೆ. ಅವಳ ಕೈಗೆ ಹಾಗೆ ಹಿಡಿಸಿ, ಬಾಗಿಲ ಬಳಿ ಹೋಗಿ ನಿಂತ. ಅಕ್ಕ ನೋಡಿದಳು. ಗೋಡೆ, ಹೊಲಿಗೆ ಯಂತ್ರ, ಬಾಗಿಲು, ಬಾಗಿಲಲ್ಲಿ ತಮ್ಮ, ಎಲ್ಲವೂ ಒಟ್ಟಿಗೆ ಬಂದವು. ತಲೆಯಿಂದ ಕಾಲಿನವರೆಗೆ ಅವನನ್ನು ಒಮ್ಮೆಗೇ ನೋಡಿ ಅವಳಿಗೆ ಎಷ್ಟೋ ಕಾಲವಾಗಿತ್ತು.

“ಕಾಣತೈತೇನಕ್ಕಾ?” ಎಂದು ಅವನು ಆಸೆಯಿಂದ ಕೇಳಿದ.

“ಎಲ್ಲಾ ಕಾಣತೈತಿ,” ಎಂದಳು. “ಆದ್ರ ನೀ ಭಾಳ ದೂರ ನಿಂತೀದಿ, ತಮ್ಮಾ.”

ಅವನು ನಾಲ್ಕು ಮಾರಿನಷ್ಟೂ ದೂರವಿರಲಿಲ್ಲ. ದುರ್ಬೀನನ್ನು ಅವಳ ಕೈಯಿಂದ ತೆಗೆದುಕೊಂಡ. ಮತ್ತೆ ಕೊಡಲಿಲ್ಲ.

ಅಕ್ಕ ಇನ್ನೂ ನಾಲ್ಕು ವರ್ಷ ಬದುಕಿದಳು. ಕೊನೆಯ ಎರಡು ವರ್ಷ ಹಗಲು ಯಾವುದು ಇರುಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಅವಳು ಒಂದು ದಿನವೂ ಅವನನ್ನು ದೂರಲಿಲ್ಲ. ದೂರಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಅವಳು ತೀರಿಕೊಂಡ ವರ್ಷ ಕಾರ್ತಿಕದಲ್ಲಿ ನಕ್ಷೆಗಾರ ಒಬ್ಬನೇ ಮಾಳಿಗೆ ಹತ್ತಿದ. ಐಪೀಸ್ ಹಾಕಿ ಕೃತ್ತಿಕೆಯನ್ನು ನೋಡಿದ. ಅಂಚಿನವರೆಗೂ ನಕ್ಷತ್ರಗಳು ಸೂಜಿಮೊನೆಯಂತೆ ಇದ್ದವು. ಒಂದಕ್ಕೂ ಬಾಲವಿರಲಿಲ್ಲ. ಆ ಬೆಲೆಗೆ, ಆ ತೂಕಕ್ಕೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಅವನ ಆಯ್ಕೆ ಎಲ್ಲ ರೀತಿಯಿಂದಲೂ ಸರಿಯಾಗಿಯೇ ಇತ್ತು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ನಿಜಗುಣನಿಗೆ ಆ ನಕ್ಷೆಗಾರನ ಮೇಲೆ ಸಿಟ್ಟು ಬಂದಿತ್ತು. “ಇದು ಹೇಗೆ ಸಾಧ್ಯ ಗುರುಗಳೇ?” ಎಂದ. “ಒಂದೇ ಮನೆ. ದಿನವೂ ಅವಳ ಕೈಯಿಂದಲೇ ಊಟ. ಅವಳ ಕಣ್ಣು ಹೋಗುತ್ತಿರುವುದು ಮೂರು ವರ್ಷ ಅವನಿಗೆ ತಿಳಿಯಲೇ ಇಲ್ಲವೇ?”

ಗುರುಗಳು ಅವನ ಕಡೆಗೆ ಮುಖ ತಿರುಗಿಸಿ ಹೇಳಿದರು:

“ನೀನು ಎರಡು ವರ್ಷದಿಂದ ನನ್ನೆದುರು ಕೂರುತ್ತಿದ್ದೀಯ, ನನ್ನ ಯಾವ ಕಣ್ಣು ಕಾಣುವುದಿಲ್ಲ, ಹೇಳು.”