ಮೊಗದವ್ವನ ಕೆನ್ನೆ ಮುಟ್ಟಿದ ಕಥೆ

ದೀಪದ ಬತ್ತಿ ಮುಂದಕ್ಕೆ ಸರಿಸಿ, ಕೈಗೆ ಅಕ್ಷತೆ ತಗೊಂಡು ಕೂತ್ಕೊಳ್ಳಿ. ಏ ಗಂಗೂ, ಆಕಳಿಸಿದ್ದು ಸಾಕು, ಕಿವಿಗೊಟ್ಟು ಕೇಳು.

ಹೊಳೆಯ ದಂಡೆಯ ಒಂದೂರಿನಲ್ಲಿ ಹಲಗಯ್ಯನೆಂಬ ಕುಂಬಾರನೂ ಅವನ ಹೆಂಡತಿ ಸಾಕವ್ವನೂ ಇದ್ದರು. ಆ ಊರ ದೇವಿ ಮೊಗದವ್ವನಿಗೆ ಕಲ್ಲಿನ ವಿಗ್ರಹವಿಲ್ಲ. ವರ್ಷವರ್ಷವೂ ಕುಂಬಾರನ ಮನೆಯಲ್ಲಿ ಜೇಡಿಮಣ್ಣಿನಿಂದ ಅವಳ ಮೊಗ ಮಾಡಿ, ನೆರಳಲ್ಲಿ ಒಣಗಿಸಿ, ಆವಿಗೆಯಲ್ಲಿ ಸುಟ್ಟು, ಕಳಶದ ಮೇಲಿಟ್ಟು ಪೂಜಿಸುವುದು ಅಲ್ಲಿಯ ಪದ್ಧತಿ. ಸುಡುವ ಮುನ್ನ ಕುಂಬಾರ ದಂಪತಿಗಳು ಉಪವಾಸವಿದ್ದು, ಮೊಗದ ಕೆನ್ನೆಗೆ ತಮ್ಮ ಕೆನ್ನೆಯಿಟ್ಟು ನೋಡಬೇಕು. ತಣ್ಣಗಿದ್ದರೆ ಒಳಗಿನ್ನೂ ಪಸೆಯಿದೆಯೆಂದು ತಿಳಿದು ಮತ್ತೆ ಒಣಗಲು ಬಿಡಬೇಕು. ಇದೇ ಕೆನ್ನೆವ್ರತ.

ಹಲಗಯ್ಯನ ತಾಯಿ ಇರುವ ತನಕ ಇದು ನಡೆಯಿತು. ಅವಳು ಕಣ್ಮುಚ್ಚಿದ ಮೇಲೆ ಇವನಿಗೆ ಕೋಡು ಬಂತು ನೋಡಿ! "ನಾನೇ ತುಳಿದ ಮಣ್ಣಿಗೆ ನಾನು ಕೆನ್ನೆ ಕೊಡಬೇಕೇ?" ಎಂದು ನಕ್ಕು, ಸಾಕವ್ವ ಬೇಡವೆಂದು ಅಂಗಲಾಚಿದರೂ ಕೇಳದೆ, ಹಸಿಮೊಗವನ್ನೇ ಆವಿಗೆಗೆ ಇಟ್ಟನು. ಢಮ್ಮೆಂದು ಸಿಡಿದು ಮೊಗ ಚೂರುಚೂರಾಯಿತು. ಮರುವರ್ಷವೂ ಹಾಗೆಯೇ ಆಗಿ, ಊರ ದೇವಿ ಮೊಗವಿಲ್ಲದೆ ಬರೀ ಕಳಶವಾಗಿ ಕೂತಳು. ಮೂರನೆಯ ವರ್ಷ ಪೂಜೆ ಹತ್ತಿರ ಬರಲು ಊರ ಗೌಡನು ಸಿಟ್ಟಾಗಿ, ಇನ್ನೊಮ್ಮೆ ಒಡೆದರೆ ಮಡಕೆ ತಿರುಗಿಸುವ ತಿಗರಿ ಇಲ್ಲೇ ಬಿಟ್ಟು ಊರಾಚೆ ನಡೆ ಎಂದುಬಿಟ್ಟನು. ಸಾಕವ್ವನೋ ತುಂಬು ಬಸುರಿ. ಎಲ್ಲಿಗೆ ಹೋದಾಳು, ಪಾಪ!

ಆ ಸಲದ ಹೊಸ ಮೊಗವನ್ನು ಜಗಲಿಯಲ್ಲಿಟ್ಟಿರಲು, ನೀರು ಕೇಳಿಕೊಂಡು ಬಂದ ಮುದುಕಿಯೊಬ್ಬಳು ಅದರ ಕೆನ್ನೆಗೆ ಕೆನ್ನೆಯಿಟ್ಟು ಗಡಗಡ ನಡುಗಿದಳು. "ಅಯ್ಯೋ ಮಗನೇ, ಚಳಿಯಲ್ಲಿರೋಳನ್ನ ಬೆಂಕಿಗೆ ನೂಕ್ತೀಯೇನೋ?" ಎಂದಳು. ಸಾಕವ್ವ ನೀರು ತರುವಷ್ಟರಲ್ಲಿ ಅವಳಿಲ್ಲ.  ಬಂದವಳು ಮೊಗದವ್ವನೇ ಎಂದು ತಿಳಿದು, ಹಲಗಯ್ಯನು ಹೆಂಡತಿಯ ಮುಂದೆ ಕೂತು ಅತ್ತು, ಅವಳೊಡನೆ ವ್ರತ ಹಿಡಿದನು.

ಹಿಡಿದರೇನು, ಮೋಡ ಕವಿದು ಬಿಸಿಲೇ ಕಾಣದು. ಪೂಜೆಯ ದಿನ ಬಂದರೂ ಮೊಗದ ಕೆನ್ನೆ ತಣ್ಣಗೇ ಇತ್ತು. ಹಲಗಯ್ಯನು ತಾನಾಗಿಯೇ ಗೌಡನ ಬಾಗಿಲಿಗೆ ಹೋಗಿ, "ಅವ್ವಂಗಿನ್ನೂ ಚಳಿ ಬಿಟ್ಟಿಲ್ಲ ಗೌಡ್ರೇ. ಊರು ಬಿಡಿಸಿದ್ರೂ ಸರಿ, ಇವತ್ತು ಸುಡಾಕಿಲ್ಲ" ಎಂದು ಕೈಮುಗಿದನು. ಗೌಡನು ಗುಡುಗುತ್ತಲೇ ಬಂದು, ಬಗ್ಗಿ, ತನ್ನ ಮೀಸೆಯ ಕೆನ್ನೆಯನ್ನು ಮೊಗಕ್ಕಿಟ್ಟನು. ತಣ್ಪು ತಾಗಿದೊಡನೆ, "ಕಾಯೋಣ" ಎಂದನು. ಇಡೀ ಊರು ಕಾಯಿತು.

ಕೊನೆಗೆ ಮೋಡ ಹರಿದು ಬಿಸಿಲು ಬಿದ್ದು, ಮೊಗದ ಕೆನ್ನೆಯ ತಣ್ಪು ಹೋಯಿತು. ಅಂದೇ ಆವಿಗೆ ಹೊತ್ತಿಸಿದರು. ಅಂದೇ ಸಾಕವ್ವನಿಗೆ ಬೇನೆ ಬಂತು. ಬೆಳಗಾಗಿ ಬೂದಿ ಸರಿಸಿದರೆ, ಮೊಗದವ್ವ ಒಂದು ಬಿರುಕೂ ಇಲ್ಲದೆ ಕೆಂಪಗೆ ನಗುತ್ತಿದ್ದಳು. ಅಷ್ಟರಲ್ಲಿ ಮನೆಯೊಳಗೆ ಹೆಣ್ಣುಕೂಸು ಅತ್ತಿತು. ಹಲಗಯ್ಯನು ಬೂದಿಗೈಯಲ್ಲೇ ಓಡಿಹೋಗಿ, ಮಗಳ ಕೆನ್ನೆಗೆ ಕೆನ್ನೆಯಿಟ್ಟನು. ಬೆಚ್ಚಗಿತ್ತು.

ಈ ಕಥೆ ಹೇಳಿದವರ, ಕೇಳಿದವರ ಮನೆಯಲ್ಲಿ ಮಾಡಿಟ್ಟದ್ದು ಒಡೆಯದಿರಲಿ, ಹಡೆದದ್ದು ಬಾಳಲಿ; ಹಲಗಯ್ಯ ಸಾಕವ್ವರಿಗೆ ಒಲಿದ ಫಲ ನಮಗೂ ಒಲಿಯಲಿ. ಅಕ್ಷತೆ ಹಾಕಿ. ಇನ್ನು ಒಬ್ಬೊಬ್ಬರೇ ಬಂದು ಅವ್ವನ ಕೆನ್ನೆಗೆ ಕೆನ್ನೆಯಿಟ್ಟು ಹೋಗಿ. ಗಂಗೂ, ಮೊದಲು ನೀನು ಬಾ.